ದಾರಿ ಹೇಳಿದವರ ರುಜು

ನಮ್ಮ ಕಡೆಯ ಹಳ್ಳಿಗಳಲ್ಲಿ ಹಿಂದೆ ಯಾರನ್ನಾದರೂ ತಡೆದು ‘ಇಂಥ ಊರು ಇನ್ನೆಷ್ಟು ದೂರ?’ ಎಂದು ಕೇಳಿದರೆ, ‘ಇಲ್ಲೇ ಸ್ವಾಮಿ, ಒಂದು ಕೂಗಳತೆ’ ಎಂಬ ಉತ್ತರ ಬರುತ್ತಿತ್ತು. ಆ ಕೂಗನ್ನು ಕೂಗತಕ್ಕ ಮಹಾನುಭಾವನ ಗಂಟಲು ಎಂಥದೋ, ನಡೆದು ನಡೆದು ಕಾಲು ಸೋತರೂ ಊರು ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಇನ್ನು ಕೆಲವರು, ಕೇಳಿದವರಿಗೆ ‘ಗೊತ್ತಿಲ್ಲ’ ಎನ್ನುವುದು ಮರ್ಯಾದೆಯಲ್ಲವೆಂದು ಭಾವಿಸಿ, ತಾವು ಎಂದೂ ಕಾಣದ ಊರಿಗೂ ಬಹಳ ಧೈರ್ಯವಾಗಿ ಕೈ ತೋರಿಸಿಬಿಡುತ್ತಿದ್ದರು. ಆದುದರಿಂದ, ಹಿಂದಿನವರೆಲ್ಲ ಸರಿಯಾದ ದಾರಿಯನ್ನೇ ಹೇಳುತ್ತಿದ್ದರು, ಈಗ ಯಂತ್ರ ಬಂದು ಲೋಕ ಕೆಟ್ಟಿತು ಎಂದು ಪ್ರಲಾಪಿಸುವುದು ನನ್ನ ಉದ್ದೇಶವಲ್ಲ. ಹಾಗೆ ಪ್ರಲಾಪಿಸುವುದಕ್ಕೆ ನನಗೆ ಅಧಿಕಾರವೂ ಇಲ್ಲ. ನನ್ನ ಕಾರಿನಲ್ಲಿಯೂ ಚಕ್ರದ ಪಕ್ಕದಲ್ಲೇ ಸ್ಮಾರ್ಟ್‌ಫೋನೊಂದು ಸದಾ ಕುಳಿತಿರುತ್ತದೆ. ಇಪ್ಪತ್ತು ವರ್ಷದಿಂದ ಓಡಾಡುತ್ತಿರುವ ಮೈಸೂರಿನ ಬೀದಿಗಳಲ್ಲೇ, ಅದನ್ನು ಒಂದು ಮಾತು ಕೇಳದೆ ಹೊರಡುವುದು ಈಚೆಗೆ ನನಗೆ ಕಷ್ಟವಾಗಿದೆ.

ನಾನು ಇಲ್ಲಿ ವಿಚಾರ ಮಾಡಬೇಕೆಂದಿರುವ ಪ್ರಶ್ನೆ ಬೇರೆ. ದಾರಿ ಹೇಳಿದವನಿಗೂ ಆ ದಾರಿಯಲ್ಲಿ ನಡೆದವನಿಗೂ ಇರತಕ್ಕ ಸಂಬಂಧವೇನು? ನಡೆದವನು ಹಳ್ಳಕ್ಕೆ ಬಿದ್ದರೆ ಹೇಳಿದವನಿಗೆ ಅದರಲ್ಲಿ ಪಾಲುಂಟೆ? ಹೇಳಿದುದು ಯಂತ್ರವಾದರೆ ಆ ಪಾಲು ಯಾರ ತಲೆಗೆ ಬರುತ್ತದೆ? ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಲಿಲ್ಲ. ಕಳೆದ ದಸರಾ ರಜೆಯಲ್ಲಿ ನಮ್ಮ ತಂದೆಯವರನ್ನು ಕಳಸಕ್ಕೆ ಕರೆದುಕೊಂಡು ಹೋದಾಗ ಹುಟ್ಟಿತು.

ನಮ್ಮ ತಂದೆಯವರಿಗೆ ಈಗ ೮೧ ವರ್ಷ. ಸರ್ವೆ ಇಲಾಖೆಯಲ್ಲಿ ಸರ್ವೆಯರ್ ಆಗಿದ್ದು ನಿವೃತ್ತರಾದವರು. ೩೩ ಅಡಿಯ ಸರಪಳಿಯನ್ನು ಎರಡೂ ಕಡೆ ಹಿಡಿದು ಚಚ್ಚೌಕ ಮಾಡಿದರೆ ಒಂದು ಗುಂಟೆ, ಅಂಥವು ನಲವತ್ತು ಸೇರಿದರೆ ಒಂದು ಎಕರೆ ಎಂಬ ಲೆಕ್ಕವನ್ನು ನಾನು ಮಗ್ಗಿ ಕಲಿಯುವ ಮೊದಲೇ ಅವರಿಂದ ಕಲಿತಿದ್ದೆ. ಮಲ್ಲೇಶನ ಕಥೆ, ಪುಣ್ಯಕೋಟಿಯ ಕಥೆ ಹೇಳುವ ಹೊತ್ತಿನಲ್ಲಿ ಅವರು ಲ್ಯಾಂಬ್ಟನ್ ಸಾಹೇಬನ ಕಥೆ ಹೇಳುತ್ತಿದ್ದರು. ೧೮೦೨ರಲ್ಲಿ ಆತ ಮದರಾಸಿನ ಸೇಂಟ್ ಥಾಮಸ್ ಗುಡ್ಡದ ಬಳಿ ಏಳೂವರೆ ಮೈಲಿ ಉದ್ದದ ಒಂದು ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆಯಲು ೫೭ ದಿನ ತೆಗೆದುಕೊಂಡನೆಂದೂ, ಎರಡು ವರ್ಷದ ಮೇಲೆ ನಮ್ಮ ಬೆಂಗಳೂರಿನ ಹತ್ತಿರವೇ ಇನ್ನೊಂದು ಗೆರೆಯನ್ನು ಅಳೆದು ಮೊದಲಿನ ಲೆಕ್ಕ ಸರಿಯೇ ಎಂದು ಪರೀಕ್ಷಿಸಿಕೊಂಡನೆಂದೂ ಅವರು ಹೇಳುವಾಗ ಅವರ ಮುಖದಲ್ಲಿ ಭಕ್ತಿಯೇ ಕಾಣುತ್ತಿತ್ತು. ‘ತಾನು ಅಳೆದದ್ದನ್ನು ತಾನೇ ನಂಬಲಿಲ್ಲ, ನೋಡು’ ಎನ್ನುತ್ತಿದ್ದರು.

ಅವರು ಎಪ್ಪತ್ತರ ದಶಕದಲ್ಲಿ ನಾಲ್ಕು ವರ್ಷ ಕಳಸದ ಸುತ್ತಮುತ್ತ ಕೆಲಸ ಮಾಡಿದ್ದರು. ಭದ್ರೆಯ ದಡದ ಆ ಊರನ್ನು, ಕಳಸೇಶ್ವರನ ಗುಡಿಯ ಮೆಟ್ಟಿಲುಗಳನ್ನು ಇನ್ನೊಮ್ಮೆ ನೋಡಬೇಕೆಂದು ಎರಡು ವರ್ಷದಿಂದ ಹೇಳುತ್ತಿದ್ದರು. ಬೆಳಿಗ್ಗೆ ಹೊರಟೆವು. ನಾನು ಚಕ್ರದ ಮುಂದೆ, ತಂದೆಯವರು ನನ್ನ ಪಕ್ಕದಲ್ಲಿ, ನನ್ನ ಹೆಂಡತಿ ಹಿಂದೆ. ಫೋನು ನಮ್ಮಿಬ್ಬರ ನಡುವೆ.

ಹಾಸನದವರೆಗೆ ಏನೂ ವಿಶೇಷವಿಲ್ಲ. ಹಾಸನ ಹತ್ತಿರವಾದಂತೆ ತಂದೆಯವರು ಸೆಟೆದು ಕುಳಿತರು. ‘ಊರೊಳಕ್ಕೆ ಹೋಗು. ಬಸ್ ಸ್ಟಾಂಡಿನ ಮುಂದೆ ಬಲಕ್ಕೆ ತಿರುಗಿದರೆ ಬೇಲೂರಿನ ರಸ್ತೆ’ ಎಂದರು. ಅದೇ ಹೊತ್ತಿಗೆ ಫೋನಿನ ಹೆಣ್ಣು ದನಿ, ಊರನ್ನು ಹೊಗದೆ ಹೊರಗಿನ ವರ್ತುಲ ರಸ್ತೆಯನ್ನು ಹಿಡಿಯಬೇಕೆಂದು, ಬಹುವಚನದಲ್ಲಿಯೇ, ಬಹಳ ವಿನಯದಿಂದ ಹೇಳಿತು. ನಾನು ವರ್ತುಲ ರಸ್ತೆಗೆ ತಿರುಗಿಸಿದೆ. ‘ಅಲ್ಲ ಕಣಪ್ಪ, ಇದು ಅಲ್ಲ’ ಎಂದರು. ‘ಅಪ್ಪ, ಅದಕ್ಕೆ ಗೊತ್ತಿದೆ. ನೀವು ಸುಮ್ಮನೆ ಕೂತುಕೊಳ್ಳಿ’ ಎಂದೆ.

ಕೂತರು. ಸುಮ್ಮನೆಯೇ ಕೂತರು. ಹತ್ತು ನಿಮಿಷದೊಳಗೆ ನಾವು ಬೇಲೂರಿನ ರಸ್ತೆಯಲ್ಲಿದ್ದೆವು. ಫೋನು ಹೇಳಿದ್ದು ಸರಿ, ತಂದೆಯವರು ಹೇಳಿದ್ದು ಹಳೆಯ ಹಾಸನ. ಈ ಸಂಗತಿಯನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ, ಯಂತ್ರಕ್ಕೆ ಅನ್ಯಾಯವಾಗಬಾರದು.

ಬೇಲೂರಿನಲ್ಲಿ ಕಾಫಿಗೆ ನಿಂತಾಗ ತಂದೆಯವರು ಕನ್ನಡಕ ಹಾಕಿಕೊಂಡು ಫೋನನ್ನು ಕೈಗೆ ತೆಗೆದುಕೊಂಡರು. ನಕ್ಷೆಯನ್ನು ಹಿಗ್ಗಿಸಿ, ಕುಗ್ಗಿಸಿ, ನಾಲ್ಕು ಮೂಲೆಗಳನ್ನೂ ನೋಡಿದರು. ಆಮೇಲೆ, ‘ಇದಕ್ಕೆ ರುಜು ಯಾರದು?’ ಎಂದು ಕೇಳಿದರು.

ನಾನು ನಕ್ಕೆ. ‘ರುಜು ಯಾರದೂ ಇಲ್ಲ, ಅಪ್ಪ. ಕಂಪನಿಯದು.’

‘ನಾವು ಅಳೆದ ಪ್ರತಿಯೊಂದು ನಕ್ಷೆಗೂ ಅಳೆದವನ ರುಜು, ತಾರೀಖು ಇರಬೇಕಾಗಿತ್ತು. ತಕರಾರು ಬಂದರೆ ಆ ರುಜುವಿನವನನ್ನೇ ಕರೆಸುತ್ತಿದ್ದರು. ಒಂದು ಸಲ, ಏಳು ವರ್ಷ ಆದ ಮೇಲೆ ನನ್ನನ್ನು ಕರೆಸಿದ್ದರು’ ಎಂದು ಹೇಳಿ ಫೋನನ್ನು ಮೇಜಿನ ಮೇಲೆ ಇಟ್ಟರು.

ಈ ರುಜುವಿನ ಮಾತು ನನ್ನ ತಲೆಯಲ್ಲಿ ಉಳಿಯಿತು. ಆದರೆ ಆಗ ನನಗೆ ಅದು ಮುದುಕರ ಮಾತಾಗಿ ತೋರಿತು. ಏಕೆಂದರೆ ಈ ಯಂತ್ರದ ಹಿಂದೆ ಇರುವ ಬುದ್ಧಿ ಸಾಮಾನ್ಯವಾದುದಲ್ಲ. ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಲ್ಲಿ ಅಮೆರಿಕದವರ ಉಪಗ್ರಹಗಳು ಸುತ್ತುತ್ತಿವೆ. ಅವು ನಮ್ಮನ್ನು ನೋಡುವುದಿಲ್ಲ. ತಮ್ಮೊಳಗಿನ ಪರಮಾಣು ಗಡಿಯಾರದ ಹೊತ್ತನ್ನು ಎಡೆಬಿಡದೆ ಸಾರುತ್ತಿರುತ್ತವೆ, ಅಷ್ಟೆ. ಆ ಸಾರಿಕೆ ತನ್ನವರೆಗೆ ಬರಲು ತಗಲಿದ ಕಾಲದಿಂದ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹಗಳ ಲೆಕ್ಕ ಕೂಡಿದರೆ ತಾನು ಎಲ್ಲಿದ್ದೇನೆಂದು ತಿಳಿಯುತ್ತದೆ. ಆ ಎತ್ತರದಲ್ಲಿ ಗಡಿಯಾರವು ದಿನಕ್ಕೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ೩೮ ಪಾಲಿನಷ್ಟು ಮುಂದೆ ಓಡುತ್ತದೆ. ಐನ್‌ಸ್ಟೈನರ ಸಿದ್ಧಾಂತದಂತೆ ಅದನ್ನು ತಿದ್ದದೆ ಬಿಟ್ಟರೆ ಒಂದೇ ದಿನದಲ್ಲಿ ಸುಮಾರು ಹತ್ತು ಕಿಲೋಮೀಟರಿನಷ್ಟು ತಪ್ಪು ಬರುತ್ತದೆ. ನಮ್ಮ ದೇಶವೂ ೨೦೧೩ರಿಂದ ೨೦೧೬ರವರೆಗೆ ಏಳು ಉಪಗ್ರಹಗಳನ್ನು ಏರಿಸಿ ಇಂಥದೇ ವ್ಯವಸ್ಥೆಯನ್ನು ಕಟ್ಟಿ ಅದಕ್ಕೆ ‘ನಾವಿಕ್’ ಎಂದು ಹೆಸರಿಟ್ಟಿತು. ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿಯನ್ನು ಹುಡುಕುವ ಪ್ರಸಿದ್ಧವಾದ ಉಪಾಯವನ್ನು ಡೈಕ್‌ಸ್ಟ್ರಾ ಎಂಬ ಡಚ್ ಗಣಿತಜ್ಞ ೧೯೫೬ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಕಾಫಿ ಅಂಗಡಿಯ ಹೊರಗೆ ಕುಳಿತು, ಕಾಗದ ಪೆನ್ಸಿಲುಗಳಿಲ್ಲದೆ ಇಪ್ಪತ್ತು ನಿಮಿಷದಲ್ಲಿ ಕಂಡುಹಿಡಿದನಂತೆ. ಇನ್ನು ದಾರಿಯಲ್ಲಿ ವಾಹನಗಳ ದಟ್ಟಣೆ ಎಲ್ಲಿದೆ ಎಂಬುದು, ಅದೇ ದಾರಿಯಲ್ಲಿ ಹೋಗುತ್ತಿರುವ ನಮ್ಮ ನಿಮ್ಮಂಥವರ ಫೋನುಗಳ ವೇಗದಿಂದಲೇ ತಿಳಿಯುತ್ತದೆ. ದಾರಿ ಕೇಳುವವನೇ ಇನ್ನೊಬ್ಬನಿಗೆ ದಾರಿ ಹೇಳುವವನೂ ಆಗಿದ್ದಾನೆ. ಆದರೆ ಅವನಿಗೇ ಅದು ತಿಳಿಯದು.

ಇಷ್ಟು ಬುದ್ಧಿಯ ಮುಂದೆ ೮೧ ವರ್ಷದ ಒಬ್ಬ ಮನುಷ್ಯನ ನೆನಪು ಯಾವ ಲೆಕ್ಕ? ಹೀಗೆಂದುಕೊಂಡೇ ನಾನು ಬೇಲೂರಿನಿಂದ ಮೂಡಿಗೆರೆಯವರೆಗೆ ಕಾರು ನಡೆಸಿದೆ.

ಆದರೆ ಕನ್ನಡ ಮೇಷ್ಟರ ತಲೆ ಸುಮ್ಮನಿರುವುದಿಲ್ಲ. ನಮ್ಮ ನೈಯಾಯಿಕರು ಜ್ಞಾನಕ್ಕೆ ನಾಲ್ಕು ಬಾಗಿಲುಗಳನ್ನು ಹೇಳಿದ್ದಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಕಣ್ಣಾರೆ ಕಾಣದುದನ್ನು ಇನ್ನೊಬ್ಬರ ಮಾತಿನಿಂದ ತಿಳಿಯುವುದು ಈ ನಾಲ್ಕನೆಯದು. ಆದರೆ ಯಾರೆಂದರೆ ಅವರ ಮಾತು ಪ್ರಮಾಣವಲ್ಲ. ಆಪ್ತನ ಮಾತು ಪ್ರಮಾಣ. ಆಪ್ತ ಯಾರು? ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನು ಕೊಡುವ ಲಕ್ಷಣದ ತಾತ್ಪರ್ಯ ಇದು: ಸಂಗತಿಯನ್ನು ತಾನು ನೇರವಾಗಿ ಅರಿತವನಾಗಿರಬೇಕು, ಅರಿತುದನ್ನು ಅರಿತಂತೆಯೇ ಇನ್ನೊಬ್ಬರಿಗೆ ತಿಳಿಸಬೇಕೆಂಬ ಇಚ್ಛೆ ಅವನಿಗಿರಬೇಕು. ಋಷಿಯಾದರೂ, ಆರ್ಯನಾದರೂ, ಮ್ಲೇಚ್ಛನಾದರೂ ಈ ಲಕ್ಷಣ ಒಂದೇ ಎಂದು ಆತ ಸೇರಿಸಿದ್ದಾನೆ. ಕುಲ, ವಿದ್ಯೆ, ಪದವಿ ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಅರಿವು ಇರಬೇಕು, ಕೇಳಿದವನ ಮೇಲೆ ಕಾಳಜಿ ಇರಬೇಕು.

ಈ ಅಳತೆಗೋಲಿನಿಂದ ನೋಡಿದರೆ ಫೋನು ಆಪ್ತವೆ? ಅರಿವಿನ ಮಾತನ್ನು ಹೇಗೋ ಒಪ್ಪಿಸಬಹುದು. ಎಷ್ಟೋ ಜನರು ಕಂಡುದನ್ನು ಅದು ಕೂಡಿಹಾಕಿಕೊಂಡಿದೆ. ಆದರೆ ತಿಳಿಸಬೇಕೆಂಬ ಇಚ್ಛೆ? ನಾನು ಕಳಸ ಮುಟ್ಟಿದರೂ ಮುಟ್ಟದಿದ್ದರೂ ಅದಕ್ಕೆ ಒಂದೇ. ತಿರುವು ತಪ್ಪಿದರೆ ಅದು ಬೈಯುವುದಿಲ್ಲ. ಮರುಕ್ಷಣ ಹೊಸ ದಾರಿ ಹೇಳುತ್ತದೆ. ಇದನ್ನು ನಾವು ಸಹನೆ ಎಂದು ಮೆಚ್ಚಿಕೊಳ್ಳುತ್ತೇವೆ. ತಂದೆ ಬೈಯುತ್ತಾನೆ. ಬೈಯುವುದಕ್ಕೆ ಕಾರಣ, ಮಗ ತಪ್ಪಿದ್ದರಲ್ಲಿ ತನಗೂ ಏನೋ ನಷ್ಟವಿದೆ ಎಂಬ ಭಾವನೆ. ನಷ್ಟವಿಲ್ಲದವನಿಗೆ ಸಹನೆ ಬಲು ಸುಲಭ.

ವಾಚಕರಲ್ಲಿ ಕೆಲವರು ಇದಕ್ಕೆ ಆಕ್ಷೇಪಿಸಬಹುದು. ‘ರಸ್ತೆ ಬದಿಯ ಮೈಲಿಗಲ್ಲಿಗೂ ಇಚ್ಛೆಯಿಲ್ಲ, ಕಾಳಜಿಯಿಲ್ಲ. ಅದನ್ನು ನಂಬುವುದಿಲ್ಲವೆ?’ ಎನ್ನಬಹುದು. ನಂಬುತ್ತೇವೆ. ಆದರೆ ಮೈಲಿಗಲ್ಲನ್ನು ಅಲ್ಲಿ ನೆಟ್ಟವರು ಯಾರೆಂದು ಗೊತ್ತು. ತಪ್ಪಾಗಿದ್ದರೆ ಹೋಗಿ ಕೇಳುವುದಕ್ಕೆ ಒಂದು ಕಚೇರಿ ಇದೆ. ೨೦೨೪ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಸಮೀಪ, ಫೋನಿನ ನಕ್ಷೆಯಂತೆ ಹೊರಟಿದ್ದ ಕಾರೊಂದು ಅರ್ಧಕ್ಕೆ ನಿಂತಿದ್ದ ಸೇತುವೆಯ ತುದಿಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರೆಂದು ವರದಿಯಾಯಿತು. ಸೇತುವೆಯ ಒಂದು ಭಾಗ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ನಕ್ಷೆಯಲ್ಲಿ ಮಾತ್ರ ಅದು ನೆಟ್ಟಗೆ ನಿಂತಿತ್ತು. ಆಗ ಎದ್ದ ವಾದವನ್ನು ನೀವೂ ಪತ್ರಿಕೆಗಳಲ್ಲಿ ಓದಿರಬಹುದು. ಸೇತುವೆಗೆ ಅಡ್ಡಗಟ್ಟು ಹಾಕಬೇಕಾದವರದು ತಪ್ಪು ಎಂದರು ಕೆಲವರು. ನಕ್ಷೆಯವರದು ಎಂದರು ಕೆಲವರು. ಕಣ್ಣಿದ್ದೂ ನೋಡದೆ ನಡೆಸಿದವರದು ಎಂದರು ಇನ್ನು ಕೆಲವರು. ಮೂರು ಮಾತಿನಲ್ಲಿಯೂ ಸತ್ಯವಿರಬಹುದು. ನನ್ನನ್ನು ಕಾಡುವ ಸಂಗತಿ ಬೇರೆ. ಆ ದಾರಿಯನ್ನು ‘ನಾನು ಹೇಳಿದೆ’ ಎನ್ನತಕ್ಕ ಒಬ್ಬ ಮನುಷ್ಯ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. ಇಂಥ ನಕ್ಷೆಗಳ ಷರತ್ತುಗಳಲ್ಲಿ, ರಸ್ತೆಯ ನಿಜಸ್ಥಿತಿ ಬೇರೆ ಇರಬಹುದು, ನಿಮ್ಮ ವಿವೇಕವನ್ನು ನೀವೇ ಬಳಸತಕ್ಕದ್ದು ಎಂದು ಮೊದಲೇ ಬರೆದಿರುತ್ತಾರೆ. ನಾವು ಓದದೆ ಒಪ್ಪಿರುತ್ತೇವೆ. ಎಂದರೆ, ರುಜು ಇಲ್ಲವೇ ಇಲ್ಲ ಎನ್ನಲಾಗದು. ರುಜು ಇದೆ, ಅದು ನಮ್ಮದೇ. ಹೊಣೆಯನ್ನು ಇಳಿಸಿಕೊಂಡೆವೆಂಬ ಹಗುರವನ್ನು ಅನುಭವಿಸುತ್ತಾ ನಾವು ಎಲ್ಲ ಹೊಣೆಯನ್ನೂ ಹೊತ್ತುಕೊಂಡು ಹೋಗುತ್ತಿರುತ್ತೇವೆ.

ಇನ್ನು ನನ್ನ ಕಥೆಗೆ ಬರುತ್ತೇನೆ. ಮೂಡಿಗೆರೆಯಲ್ಲಿ ಊಟ, ನೆಂಟರ ಮನೆ ಎಂದು ತಡವಾಯಿತು. ಕೊಟ್ಟಿಗೆಹಾರ ದಾಟಿದಾಗ ಮಳೆ ಹಿಡಿದಿತ್ತು, ಸಂಜೆಯೂ ಆಗಿತ್ತು. ಕಳಸದ ರಸ್ತೆಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಫೋನು, ಎಡಗಡೆಯ ಒಂದು ದಾರಿ ಆರು ಕಿಲೋಮೀಟರ್ ಕಡಿಮೆ ಎಂದು ತಿಳಿಸಿತು. ಕವಲಿನ ಹತ್ತಿರ ಬಂದಾಗ ತಂದೆಯವರು ಕೈ ಎತ್ತಿದರು. ಏನೋ ಹೇಳಹೊರಟವರು, ಮತ್ತೆ ಕೈ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡರು. ನಾನು ಅದನ್ನು ಕಂಡೆ. ಕಾಣದವನಂತೆ ಎಡಕ್ಕೆ ತಿರುಗಿಸಿದೆ.

ಎರಡೂವರೆ ಕಿಲೋಮೀಟರಿನವರೆಗೆ ಡಾಂಬರು ಇತ್ತು. ಆಮೇಲೆ ಕಲ್ಲು. ಆಮೇಲೆ ಕಾಫಿ ತೋಟದ ನಡುವೆ ಕೆಸರು. ಕೊನೆಗೆ ಬೀಗ ಹಾಕಿದ ಒಂದು ಕಬ್ಬಿಣದ ಗೇಟು. ಫೋನನ್ನು ನೋಡಿದೆ. ನೆಟ್‌ವರ್ಕ್ ಹೋಗಿತ್ತು. ಉಪಗ್ರಹಕ್ಕೆ ನೆಟ್‌ವರ್ಕಿನ ಹಂಗಿಲ್ಲವಾದ್ದರಿಂದ ನಾವಿರುವ ಜಾಗವನ್ನು ತೋರಿಸುವ ನೀಲಿ ಚುಕ್ಕೆ ಮಾತ್ರ ಸರಿಯಾಗಿಯೇ ಇತ್ತು. ಸುತ್ತಲಿನ ನಕ್ಷೆ ಬಂದಿರಲಿಲ್ಲ. ಖಾಲಿ ಹಾಳೆಯ ಮೇಲೆ ಒಂದು ಚುಕ್ಕೆ. ನಾವು ಎಲ್ಲಿದ್ದೇವೆಂಬುದು ಅದಕ್ಕೆ ಕೆಲವೇ ಅಡಿಗಳ ಮಟ್ಟಿಗೆ ಗೊತ್ತಿತ್ತು. ಅಲ್ಲಿ ಏನಿದೆ ಎಂಬುದು ಗೊತ್ತಿರಲಿಲ್ಲ.

‘ಅಪ್ಪ, ಈ ಕಡೆಯೆಲ್ಲ ನೀವು ಓಡಾಡಿದ್ದಿರಲ್ಲ. ಇಲ್ಲಿಂದ ಹೇಗೆ?’ ಎಂದೆ.

‘ನನಗೇನು ಗೊತ್ತಪ್ಪ. ಎಲ್ಲಾ ಬದಲಾಯಿಸಿಬಿಟ್ಟಿದೆ. ನೆಟ್‌ವರ್ಕ್ ಬರಲಿ, ಅದನ್ನೇ ಕೇಳು’ ಎಂದರು.

ಆ ಮಾತಿನಲ್ಲಿ ಕೊಂಕು ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಕೊಂಕು ಇರಲಿಲ್ಲ. ಅವರು ನಿಜವಾಗಿಯೂ ಹಾಗೆಯೇ ನಂಬಿದ್ದರು. ನಾಲ್ಕು ವರ್ಷ ಸರಪಳಿ ಹಿಡಿದು ನಡೆದ ನೆಲದ ವಿಷಯದಲ್ಲಿ ತಮ್ಮ ನೆನಪಿಗೆ ಬೆಲೆಯಿಲ್ಲವೆಂದು, ಬೆಳಿಗ್ಗೆ ಹಾಸನದ ಬಳಿ ನಾನು ಆಡಿದ ಒಂದು ಮಾತಿನಿಂದ ಅವರಿಗೆ ಮನದಟ್ಟಾಗಿತ್ತು. ಹಾಸನದಲ್ಲಿ ಫೋನು ಸರಿಯಾಗಿತ್ತು, ನಾನೂ ಸರಿಯಾಗಿದ್ದೆ. ಸರಿಯಾದ ದಾರಿಯಲ್ಲಿ ಹೋಗುತ್ತಲೇ ತಪ್ಪು ಮಾಡುವುದು ಸಾಧ್ಯವೆಂದು ನನಗೆ ತಿಳಿದುದು ಆ ಗೇಟಿನ ಮುಂದೆ.

ಅಷ್ಟು ಹೊತ್ತಿಗೆ ತೋಟದ ಲೈನ್ ಮನೆಗಳ ಕಡೆಯಿಂದ ಟಾರ್ಚಿನ ಬೆಳಕು ಬಂತು. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡ ಒಬ್ಬ ಹೆಂಗಸು. ‘ಇಲ್ಲಿ ದಾರಿ ಇಲ್ಲ ಸಾರ್. ತೋಟದ್ದು. ಸಂಜೆ ಗೇಟು ಹಾಕಿದ್ರೆ ತೆಗೆಯೋದು ಬೆಳಿಗ್ಗೇನೇ’ ಎಂದಳು. ಆಮೇಲೆ ಕಿಟಕಿಯಲ್ಲಿ ತಂದೆಯವರ ಮುಖ ಕಂಡು, ‘ಅಜ್ಜನ್ನ ಕರ್ಕೊಂಡು ಬಂದಿದೀರಿ. ಈ ಮಳೇಲಿ ಎಲ್ಲಿಗೆ?’ ಎಂದಳು.

ತಂದೆಯವರು ಕಿಟಕಿಯ ಗಾಜು ಇಳಿಸಿದರು. ಸ್ವಲ್ಪ ಅನುಮಾನಿಸುತ್ತಲೇ ಕೇಳಿದರು: ‘ಕಳಸಕ್ಕೆ, ತಾಯಿ. ಇಲ್ಲೇ ಹಿಂದೆ ಒಂದು ದೊಡ್ಡ ಹಲಸಿನ ಮರ ಇತ್ತಲ್ಲ, ಪಕ್ಕದಲ್ಲೇ ತೊರೆ. ಅಲ್ಲಿಂದ ಬಲಕ್ಕೆ ಹೋದರೆ ದೊಡ್ಡ ರಸ್ತೆ ಸೇರುತ್ತಿತ್ತು. ಅದೂ ಈಗ ಇಲ್ಲವೇನೋ.’

‘ಮರ ಬಿದ್ದು ಮೂರು ವರ್ಷ ಆಯ್ತು ಅಜ್ಜ. ತೊರೆ ಅಲ್ಲೇ ಇದೆ, ದಾರಿ ಅದೇ. ನೀವು ಹೇಳಿದ್ದು ಸರಿ’ ಎಂದಳು. ಆಮೇಲೆ, ‘ಕತ್ತಲಲ್ಲಿ ನಿಮಗೆ ಕಾಣೋದಿಲ್ಲ’ ಎಂದು, ನಾವು ಬೇಡ ಎನ್ನುವುದರೊಳಗೆ, ಕಾರಿನ ದೀಪದ ಮುಂದೆ ನಡೆಯತೊಡಗಿದಳು.

ತೊರೆಯ ಬಳಿ ನಿಂತು ಬಲಗಡೆಗೆ ಟಾರ್ಚು ತೋರಿಸಿದಳು. ತಂದೆಯವರು ನಮಸ್ಕಾರ ಮಾಡಿದರು. ನಾವು ತಿರುಗಿ ಏರು ಹತ್ತುವಾಗ ಕನ್ನಡಿಯಲ್ಲಿ ನೋಡಿದೆ. ಟಾರ್ಚಿನ ಬೆಳಕು ಅಲ್ಲೇ ಇತ್ತು. ಏರಿನ ಮೇಲಿನ ತಿರುವಿನಲ್ಲಿ ಮರಗಳು ಅಡ್ಡ ಬರುವವರೆಗೂ ಅದು ಅಲ್ಲಾಡಲಿಲ್ಲ. ಮಳೆಯಲ್ಲಿ ಆಕೆ ನಿಂತಿದ್ದುದು, ನಾವು ಸರಿಯಾಗಿ ತಿರುಗಿದೆವೋ ಇಲ್ಲವೋ ಎಂದು ನೋಡುವುದಕ್ಕೆ. ಆ ದಾರಿಯನ್ನು ಆಕೆ ಹೇಳಿದ್ದಳು. ಆದುದರಿಂದ ನಾವು ತಪ್ಪಿದರೆ ಆಕೆಗೂ ಅದರಲ್ಲಿ ಪಾಲಿತ್ತು. ವಾತ್ಸ್ಯಾಯನ ಹೇಳಿದ ಲಕ್ಷಣಕ್ಕೆ ನಾನು ಇಪ್ಪತ್ತು ವರ್ಷ ತರಗತಿಯಲ್ಲಿ ಉದಾಹರಣೆ ಹುಡುಕಿದ್ದೇನೆ. ಇಷ್ಟು ಚೆನ್ನಾದದ್ದು ಸಿಕ್ಕಿರಲಿಲ್ಲ.

ಛಾಂದೋಗ್ಯ ಉಪನಿಷತ್ತಿನಲ್ಲಿ ಒಂದು ದೃಷ್ಟಾಂತವಿದೆ. ಗಾಂಧಾರ ದೇಶದವನೊಬ್ಬನನ್ನು ಕಣ್ಣು ಕಟ್ಟಿ ತಂದು ಕಾಡಿನಲ್ಲಿ ಬಿಡುತ್ತಾರೆ. ಅವನ ಕೂಗು ಕೇಳಿ ಯಾರೋ ಒಬ್ಬ ಬಂದು ಕಣ್ಣಿನ ಕಟ್ಟನ್ನು ಬಿಚ್ಚಿ, ಗಾಂಧಾರ ಆ ದಿಕ್ಕಿನಲ್ಲಿದೆ, ಹೋಗು ಎನ್ನುತ್ತಾನೆ. ಅವನು ಊರಿಂದೂರಿಗೆ ಕೇಳಿಕೊಳ್ಳುತ್ತಾ ತನ್ನ ದೇಶವನ್ನು ಸೇರುತ್ತಾನೆ. ಗುರುವಿನ ಮಹತ್ತ್ವವನ್ನು ಹೇಳುವುದಕ್ಕೆ ಈ ದೃಷ್ಟಾಂತ ಎಂದು ಹುಡುಗರಿಗೆ ನಾನೂ ಪಾಠ ಮಾಡಿದ್ದೇನೆ. ಆ ರಾತ್ರಿ ನನಗೆ ಅದರಲ್ಲಿ ಬೇರೆ ಒಂದು ಅಂಶ ಕಂಡಿತು. ದಾರಿ ಹೇಳಿದವನು ದಿಕ್ಕನ್ನು ಮಾತ್ರ ತೋರಿಸಿದ. ಆದರೆ ಮೊದಲು ಕಣ್ಣಿನ ಕಟ್ಟನ್ನು ಬಿಚ್ಚಿದ. ಮಿಕ್ಕದ್ದನ್ನು ಇವನೇ ನೋಡಬೇಕು, ಇವನೇ ಕೇಳಬೇಕು. ಪ್ರತಿ ತಿರುವನ್ನೂ ತಾನೇ ಹೇಳಿಬಿಡುವ ಯಂತ್ರ ನನ್ನನ್ನು ಊರು ಮುಟ್ಟಿಸುತ್ತದೆ, ಸುಳ್ಳಲ್ಲ; ಆದರೆ ಕಣ್ಣಿನ ಕಟ್ಟನ್ನು ಬಿಚ್ಚುವ ಅಗತ್ಯವೇ ಅದಕ್ಕೆ ಬೀಳುವುದಿಲ್ಲ. ಪಕ್ಕದಲ್ಲಿ ಕುಳಿತವರು ಕೈ ಎತ್ತಿದುದನ್ನು ಕಂಡೂ ಕಾಣದಂತಿರುವುದಕ್ಕೆ ಅದು ನನಗೆ ಅನುಕೂಲವನ್ನೂ ಮಾಡಿಕೊಡುತ್ತದೆ. ಆ ಅನುಕೂಲವನ್ನು ಬಳಸಿಕೊಂಡವನು ನಾನು. ಯಂತ್ರ ಹಾಗೆ ಮಾಡೆಂದು ಹೇಳಿರಲಿಲ್ಲ.

ಫೋನನ್ನು ನಾನು ಬಿಟ್ಟೆನೆಂದು ಯಾರೂ ತಿಳಿಯಬಾರದು. ಮರಳಿ ಬರುವಾಗಲೂ ಅದು ಅದೇ ಜಾಗದಲ್ಲಿ ಕುಳಿತಿತ್ತು. ಆದರೆ ಕವಲು ಬಂದಾಗಲೆಲ್ಲ ‘ಏನಪ್ಪಾ, ಇದೇ ತಾನೆ?’ ಎಂದು ಕೇಳುತ್ತಿದ್ದೆ. ಎರಡು ಸಲ ಅವರು ತಪ್ಪು ಹೇಳಿದರು. ಒಂದು ಸಲ ಫೋನು ಸರಿಯೆಂದು ಅದರಂತೆ ಹೋದೆ, ಏಕೆಂದು ಅವರಿಗೆ ಹೇಳಿದೆ. ಇನ್ನೊಂದು ಸಲ ಅವರಂತೆಯೇ ಹೋಗಿ ಕಾಲು ಗಂಟೆ ಕಳೆದುಕೊಂಡೆವು. ಆ ಕಾಲು ಗಂಟೆಯನ್ನು ನಾನು ಯಾವ ನಷ್ಟದ ಲೆಕ್ಕದಲ್ಲಿಯೂ ಬರೆದಿಲ್ಲ.

ಅಂದು ರಾತ್ರಿ ಕಳಸದ ವಸತಿಗೃಹದಲ್ಲಿ ಊಟವಾದ ಮೇಲೆ ತಂದೆಯವರು ನನ್ನ ಪೆನ್ನು ಕೇಳಿದರು. ಹೋಟೆಲಿನ ಬಿಲ್ಲಿನ ಹಿಂಬದಿಯಲ್ಲಿ ಆ ಕವಲನ್ನು, ತೊರೆಯನ್ನು, ತೋಟದ ಗೇಟನ್ನು, ದೊಡ್ಡ ರಸ್ತೆಯನ್ನು ನಿಧಾನವಾಗಿ ಬರೆದರು. ಕೈ ಸ್ವಲ್ಪ ನಡುಗುತ್ತಿತ್ತು; ಗೆರೆ ಮಾತ್ರ ನೆಟ್ಟಗಿತ್ತು. ಹಲಸಿನ ಮರದ ಜಾಗದಲ್ಲಿ ಒಂದು ಸೊನ್ನೆ ಹಾಕಿ, ಪಕ್ಕದಲ್ಲಿ ‘ಈಗ ಇಲ್ಲ’ ಎಂದು ಬರೆದರು. ‘ಇದು ಯಾಕಪ್ಪ ಈಗ?’ ಎಂದು ಕೇಳಿದೆ. ‘ಇರಲಿ. ನೀನು ಇನ್ನೊಂದು ಸಲ ಬಂದರೆ ಬೇಕಾಗುತ್ತದೆ’ ಎಂದರು. ಕೆಳಗಿನ ಬಲಮೂಲೆಯಲ್ಲಿ ರುಜು ಹಾಕಿ, ತಾರೀಖು ಕೇಳಿ, ಅದನ್ನೂ ಬರೆದು ನನ್ನ ಕೈಗೆ ಕೊಟ್ಟರು.